ಮೊಟ್ಟೆಗೆ ಕಪ್ಪಾದ ಬೆಳ್ಳಿ ಬಟ್ಟಲು

ಹಾಸನ, ೨೦೦೪

ಪ್ರೀತಿಯ ಅಜ್ಜಿ,

ದೂರದಿಂದಲೇ ನಿಮ್ಮ ಪಾದ ಮುಟ್ಟಿ ಆರಂಭಿಸುತ್ತೇನೆ. ನನ್ನ ಮದುವೆಗೆಂದು ಮನೆಯ ಹಳೆಯ ಬೆಳ್ಳಿಯನ್ನೆಲ್ಲ ಕರಗಿಸಿ ಹೊಸ ತಟ್ಟೆ ಮಾಡಿಸುವುದಾಗಿ ಅಪ್ಪ ಫೋನಿನಲ್ಲಿ ಹೇಳಿದರು. ಆ ಗಂಟಿನಲ್ಲಿ ನಿಮ್ಮ ಸಣ್ಣ ಬಟ್ಟಲೂ ಇದೆಯೆಂದು ತಿಳಿದಾಗಿನಿಂದ ನನಗೆ ಸಮಾಧಾನವಿಲ್ಲ.

ನಾನು ಪಿಯುಸಿಯಲ್ಲಿದ್ದ ವರ್ಷ ನಿಮಗೆ ನೆನಪಿರಬೇಕು. ಕ್ಷಯದ ಮಾತ್ರೆಗಳನ್ನು ನುಂಗಿ ನುಂಗಿ ಅಮ್ಮ ಹಾಸಿಗೆಗೆ ಅಂಟಿಹೋಗಿದ್ದಳು. ದಿನಕ್ಕೊಂದು ಮೊಟ್ಟೆಯನ್ನು ಬಿಸಿನೀರಿಗೆ ಒಡೆದು ಹಾಕಿ, ಎಣ್ಣೆಯಿಲ್ಲದೆ ಮೆತ್ತಗೆ ಬೇಯಿಸಿ ಕೊಡಬೇಕೆಂದರು ಡಾಕ್ಟರು. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ಎಂದೂ ದಾಟಿರಲಿಲ್ಲ. ಅತ್ತೆಯಾದ ನೀವು ಹೇಳದೆ ಬಾಯಿಗಿಡುವುದಿಲ್ಲವೆಂದು ಅಮ್ಮ ಹಟ ಹಿಡಿದಳು. ನೀವು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ; ಜಪಸರ ಹಿಡಿದು ಎದ್ದುಹೋದಿರಿ.

ಹಿತ್ತಲಿನಲ್ಲಿ ಸೀಮೆಎಣ್ಣೆ ಸ್ಟೌ ಇಟ್ಟು ನಾನೇ ಕಲಿಯತೊಡಗಿದೆ. ಮೊಟ್ಟೆಗಳನ್ನು ತಂದುಕೊಡುತ್ತಿದ್ದವಳು ಹರದನಹಳ್ಳಿಯಿಂದ ಬರುತ್ತಿದ್ದ ಸಹಪಾಠಿ ಯಮುನಾ. ತರಗತಿಗೆ ಮೊದಲಿಗಳಾದ ನನಗೆ ಇದೆಷ್ಟರ ಕೆಲಸವೆಂಬ ಬಿಂಕವಿತ್ತು. ವಾಸನೆ ಹೋಗಲೆಂದು ಮೊಟ್ಟೆಗೆ ಸೀಗೆಪುಡಿ ಹಚ್ಚಿ ತೊಳೆಯುತ್ತಿದ್ದುದನ್ನು ಕಂಡು ಅವಳು ನಗು ತಡೆಯಲಾರದೆ ಒಗೆಯುವ ಕಲ್ಲಿನ ಮೇಲೆ ಕುಳಿತೇಬಿಟ್ಟಳು. "ಎಣ್ಣೆನೀರು ಹಾಕ್ತಿದ್ದೀಯೇನೆ ಅದ್ಕೆ? ಜಡೆನೂ ಹಾಕ್ಬುಡು, ಅತ್ಲಾಗೆ."

ಬುಳುಬುಳು ಕುದಿಯುವ ನೀರಿಗೆ ಒಡೆದು ಹಾಕಿದರೆ ಬಿಳಿಯೆಲ್ಲ ಚೂರುಚೂರಾಗಿ ಒಡೆದ ಹಾಲಿನಂತೆ ಹರಡುತ್ತಿತ್ತು. ನೀರಿನ ಕುದಿ ತಗ್ಗಿಸಬೇಕು, ಮೊದಲು ಲೋಟಕ್ಕೆ ಒಡೆದು ಲೋಟದ ಬಾಯನ್ನು ನೀರಿಗೆ ತಾಗಿಸಿ ಜಾರಿಬಿಡಬೇಕು ಎಂಬುದು ಅನೇಕ ಮೊಟ್ಟೆಗಳು ಹಾಳಾದ ಮೇಲೆ ಕೈಗೆ ಬಂತು. ಕೊನೆಗೊಂದು ಬೆಳಗ್ಗೆ ಹಳದಿಯನ್ನು ಒಳಗೇ ಮುಚ್ಚಿಕೊಂಡ ಇಡೀ ಮೊಟ್ಟೆಯೊಂದು ಸೌಟಿಗೆ ಬಂದಾಗ, ಪರೀಕ್ಷೆಯ ಯಾವ ಅಂಕಕ್ಕೂ ಪಡದಷ್ಟು ಸಂತೋಷಪಟ್ಟೆ. ಮರುಕ್ಷಣವೇ ಅದು ಇಳಿಯಿತು. ತಿನ್ನಬೇಕಾದವಳು ಗೋಡೆಯ ಕಡೆ ತಿರುಗಿ ಮಲಗಿದ್ದಳಲ್ಲ.

ಆಗ ನೀವು ಹಿತ್ತಲ ಬಾಗಿಲಿಗೆ ಬಂದಿರಿ, ಕೈಯಲ್ಲಿ ಆ ಬಟ್ಟಲು ಹಿಡಿದು.

"ಬೆಳ್ಳಿಗೆ ಮೈಲಿಗೆ ಇಲ್ಲ. ಇದ್ರಲ್ಲಿ ಹಾಕ್ಕೊಡು. ಅಜ್ಜಿ ಕೊಟ್ರು ಅನ್ನು."

ಮೊಟ್ಟೆ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಅದರಲ್ಲಿ ಗಂಧಕವಿದೆ ಎಂದು ನಾನು ಪಾಠ ಒಪ್ಪಿಸಿದೆ.

"ಆಗ್ಲಿ ಬಿಡೆ. ಬಟ್ಟಲು ಉಜ್ಜಿದ್ರೆ ಬೆಳ್ಳಗಾಗತ್ತೆ. ಅವಳ ಮುಖ ನೋಡಿದ್ಯಾ?"

ಬಟ್ಟಲು ಕಂಡೊಡನೆ ಅಮ್ಮ ಎದ್ದು ಕುಳಿತಳು. ಅವಳು ತಿಂದು ಮುಗಿಸುವವರೆಗೂ ನೀವು ಬೀದಿಯ ಕಡೆ ಮುಖ ಮಾಡಿ ಹೊಸ್ತಿಲ ಬಳಿ ಕುಳಿತಿದ್ದಿರಿ, ಎದ್ದುಹೋಗಲಿಲ್ಲ. ಅನಂತರ ಹುಣಸೆಹಣ್ಣು, ರಂಗೋಲಿಪುಡಿ ಹಾಕಿ ಬಟ್ಟಲನ್ನು ನೀವೇ ಉಜ್ಜಿದಿರಿ. ನನಗೆ ಕೊಡಲಿಲ್ಲ, ಕೆಲಸದವಳಿಗೂ ಕೊಡಲಿಲ್ಲ. ಮತ್ತೊಮ್ಮೆ ತಲೆಗೆ ನೀರು ಸುರಿದುಕೊಂಡು ದೇವರ ಕೋಣೆಗೆ ಹೋದಿರಿ. ಅಮ್ಮ ಎದ್ದು ಓಡಾಡುವವರೆಗೂ ದಿನವೂ ಇದೇ ನಡೆಯಿತು. ಮೊಟ್ಟೆ ಎಂಬ ಶಬ್ದ ಮಾತ್ರ ನಿಮ್ಮ ಬಾಯಿಂದ ಬರಲೇ ಇಲ್ಲ. ಕೊನೆಯವರೆಗೂ ಅದು 'ಅವಳ ಔಷಧಿ'.

ಈಗ ಕಾಲೇಜಿನಲ್ಲಿ ಮಕ್ಕಳಿಗೆ ಬೆಳ್ಳಿ ಏಕೆ ಕಪ್ಪಾಗುತ್ತದೆಂದು ಪಾಠ ಮಾಡುವಾಗಲೆಲ್ಲ ನಿಮ್ಮ ಕೈಗಳು ಕಣ್ಣ ಮುಂದೆ ಬರುತ್ತವೆ. ಅಜ್ಜಿ, ತಟ್ಟೆ ಸ್ವಲ್ಪ ಚಿಕ್ಕದಾದರೆ ಆಗಲಿ. ಬಟ್ಟಲನ್ನು ಮಾತ್ರ ಹಾಗೆಯೇ ನನಗೆ ಕೊಡಿ. ತಳದ ಅಂಚಿನಲ್ಲಿ ನಿಮ್ಮ ಹುಣಸೆಹಣ್ಣಿಗೂ ಬಗ್ಗದ ಕಪ್ಪು ಗೆರೆಯೊಂದು ಉಳಿದಿದೆ. ಅದಕ್ಕೆ ಪಾಲಿಶ್ ಮಾಡಿಸಬೇಡಿ.

ನಿಮ್ಮ ಕಣ್ಣಿಗೆ ಈಗ ಅಕ್ಷರ ಹತ್ತುವುದಿಲ್ಲ. ಇದನ್ನು ಓದಿ ಹೇಳುತ್ತಿರುವವಳು ಅಮ್ಮನೇ. ಇಷ್ಟರಲ್ಲಿ ಎಲ್ಲಾದರೂ ಅವಳ ದನಿ ತಡೆದಿದ್ದರೆ ಅವಸರ ಮಾಡಬೇಡಿ. ಅಂದಿನಂತೆ ಬೀದಿಯ ಕಡೆ ನೋಡುತ್ತ ಅವಳ ಹತ್ತಿರವೇ ಕುಳಿತಿರಿ.

ನಿಮ್ಮ ಹರಕೆಯ ಕೈ ನನ್ನ ತಲೆಯ ಮೇಲೆ ಬಹುಕಾಲವಿರಲಿ.

ನಿಮ್ಮ ಮೊಮ್ಮಗಳು,
ಸಂಹಿತಾ