ಹೊಟ್ಟೆಯಿಂದ ಹೊರಬರಲಾಗದ ಮರಿಗಳು

ಕುರಿತಳಿ ಸುಧಾರಣಾ ಯೋಜನೆಯ ಅಧಿಕಾರಿಗಳೇ,

ನೀವು ಕೊಟ್ಟ ಟಗರಿಗೆ ಹುಟ್ಟಬೇಕಾದ ಮರಿಗಳು ನಮ್ಮ ಕುರಿಗಳ ಹೊಟ್ಟೆಯಿಂದ ಹೊರಬರುತ್ತಿಲ್ಲ. ಹಿರೇಹಡಗಲಿಯಲ್ಲಿ ನನ್ನ ಅಕ್ಕ ಮಾಳಮ್ಮನ ಹಿಂಡಿನಲ್ಲಿ ಹತ್ತು ದಿನಗಳಲ್ಲಿ ಆರು ಕುರಿಗಳಿಗೆ ಹೆರಿಗೆ ನೋವು ಬಂತು, ನಾಲ್ಕು ಸತ್ತವು. ಇನ್ನೂ ಇಪ್ಪತ್ತೈದು ಗಬ್ಬವಾಗಿವೆ. ನಿಮ್ಮ ಕಚೇರಿಗೆ ಮೂರು ಸಲ ಬಂದು, ಮೂರು ಸಲವೂ "ಸಾಹೇಬರು ತರಬೇತಿಗೆ ಹೋಗಿದ್ದಾರೆ" ಎಂಬ ಉತ್ತರ ಪಡೆದ ಮೇಲೆ ಪತ್ರಿಕೆಗೆ ಬರೆಯುತ್ತಿದ್ದೇನೆ. ತರಬೇತಿ ಯಾವುದರದ್ದೆಂದು ಕೇಳುವ ಧೈರ್ಯ ಬರಲಿಲ್ಲ.

ಜೂನ್‌ನಲ್ಲಿ ಹೂವಿನಹಡಗಲಿಯ ಸಭೆಯಲ್ಲಿ ನೀವು ಹೇಳಿದ್ದರಲ್ಲಿ ಸತ್ಯವಿತ್ತು. ಬೇಗ ಬೆಳೆದ ಗಂಡುಮರಿಯನ್ನೇ ನಾವು ಮೊದಲು ಸಂತೆಗೆ ಹೊಡೆಯುತ್ತೇವೆ. ಮಾರಾಟವಾಗದೆ ಉಳಿದ ಬಡಕಲು ಟಗರು ಹಿಂಡಿಗೆ ಅಪ್ಪನಾಗುತ್ತದೆ. ಮಾಂಸ ತುಂಬುವ ಗುಣ ವಂಶದಲ್ಲಿ ಬರುವಂಥದ್ದು, ಅದನ್ನು ನಾವೇ ಮಾರಿಕೊಂಡೆವು. ಒಪ್ಪಿದೆ. "ನಿಮ್ಮ ಕುರಿಗಳ ಕಾಲು ನೋಡಿದರೆ ಛತ್ರಿ ಕಡ್ಡಿ ನೆನಪಾಗುತ್ತೆ" ಎಂದು ನೀವು ಸಭೆಯನ್ನು ನಗಿಸಿದಿರಿ. ನನ್ನ ಭಾವ ಗಾದೆಪ್ಪ ಎದ್ದು ನಿಂತು, "ಛತ್ರಿ ಕಡ್ಡಿನ ರೀ ಸಾಹೇಬ್ರ, ಆದ್ರ ದಿನಾ ಎಂಟ್ ಮೈಲಿ ನಡಿತಾವ. ನಿಮ್ಮ ಟಗರು ಜೀಪಿನಾಗ ಬಂದೈತಿ" ಎಂದರು. ನೀವೂ ನಕ್ಕಿರಿ. ಆದರೂ ಸಂಜೆ ಆ ಟಗರು ನಮ್ಮ ಊರಿಗೆ ಬಂತು.

ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಹಿಂಡಿನ ಒಳ್ಳೆಯ ಟಗರನ್ನು ಮೊದಲ ಸಲ ಗಬ್ಬ ಕಟ್ಟುವ ಕುರಿಗಳಿಗೇ ಬಿಡುತ್ತೇವೆ. ಚೊಚ್ಚಲ ಮರಿ ನಮ್ಮ ಕುಲದೇವರು ಬೀರಪ್ಪನದು, ಅದು ಮೈತುಂಬಿಕೊಂಡಿರಬೇಕು. ನಿಮ್ಮ ಟಗರಿಗೂ ಅದೇ ಮರ್ಯಾದೆ ಮಾಡಿದೆವು. ಹಿಂಡಿನಲ್ಲೇ ಅತಿ ಚಿಕ್ಕ ಕುರಿಗಳ ಜೊತೆ ಬಿಟ್ಟೆವು. ಹಾಗೆ ಬಿಡಬೇಡಿ ಎಂಬ ಒಂದು ಸಾಲು ನಿಮ್ಮ ಎಂಟು ಪುಟದ ಪುಸ್ತಿಕೆಯಲ್ಲಿಲ್ಲ. ಉದ್ಘಾಟನೆಯ ಫೋಟೋಗಳು ಐದಿವೆ.

ನಾಲ್ಕನೆಯ ಕುರಿ ಸಾಯುವಾಗ ನಾನು ಅಲ್ಲಿದ್ದೆ. ಅಕ್ಕ ಕೈಗೆ ಎಣ್ಣೆ ಹಚ್ಚಿಕೊಂಡು ಮರಿಯನ್ನು ತಿರುಗಿಸಲು ನೋಡುತ್ತಿದ್ದಳು. "ತಲಿ ಸಿಗ್ತೈತಿ ತಮ್ಮ, ಭುಜ ಬರವಲ್ದು. ಜಗ್ಗಿದ್ರ ಹರಿತೈತಿ, ಬಿಟ್ರ ಸಾಯ್ತೈತಿ. ಏನ್ ಮಾಡ್ಲೋ?" ಇದು ನಲವತ್ತು ವರ್ಷ ಕುರಿ ಈಯಿಸಿದವಳ ಪ್ರಶ್ನೆ. ಕುರಿ ಸತ್ತ ಮೇಲೆ ಭಾವ ಹೊಟ್ಟೆ ಸೀಳಿ ಮರಿ ತೆಗೆದರು. ಹಳೆಯ ಪೇಪರ್ ತೂಗುವ ನನ್ನ ತಕ್ಕಡಿಯಲ್ಲಿ ಅದು ನಾಲ್ಕು ಕಿಲೋ ಏಳುನೂರು ಗ್ರಾಂ ತೂಗಿತು. ನಮ್ಮ ಮರಿಗಳು ಹುಟ್ಟುವಾಗ ಎರಡೂವರೆ ಕಿಲೋ ದಾಟುವುದು ಅಪರೂಪ.

ಮಾಂಸಖಂಡದ ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಯೇ ದುರ್ಬಲವಾಗಿರುವ ವಿದೇಶಿ ತಳಿಯೊಂದಿದೆ ಎಂದು ಕಳೆದ ವರ್ಷ ಓದಿದ್ದೆ. ನಿಮ್ಮ ಟಗರಿನಲ್ಲಿರುವುದು ಅದೋ, ಬರೀ ದೊಡ್ಡ ಮೈಯೋ, ನನಗೆ ತಿಳಿಯದು. ನಿಮಗೆ ತಿಳಿದಿತ್ತೇ? ತಿಳಿದಿದ್ದರೆ ಏಕೆ ಹೇಳಲಿಲ್ಲ? ತಿಳಿಯದಿದ್ದರೆ ಏಕೆ ಹಂಚಿದಿರಿ? ಇದರ ಮೇಲೆ ನಿಮ್ಮ ಹೊಸ ಸುತ್ತೋಲೆ: ಜನವರಿ ಹತ್ತರೊಳಗೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಎಲ್ಲ ನಾಟಿ ಟಗರುಗಳ ಬೀಜ ಒಡೆಸಬೇಕು, ಇಲ್ಲದಿದ್ದರೆ ಲಸಿಕೆ ಇಲ್ಲ. ಕೊಟ್ಟೂರಿನ ಕಡೆ ಕೆಲಸ ಶುರುವಾಗಿದೆಯಂತೆ. ಒಡೆದ ಬೀಜ ಮತ್ತೆ ಕೂಡುವುದಿಲ್ಲ. ತಪ್ಪಾಯಿತೆಂದು ನಾಳೆ ನಿಮಗೆ ಅನ್ನಿಸಿದರೆ, ಹಿಂದಿರುಗಲು ನಮ್ಮಲ್ಲಿ ಯಾವ ಟಗರು ಉಳಿದಿರುತ್ತದೆ?

ಈಗ ಅಕ್ಕ ಉಳಿದ ಕುರಿಗಳ ಮೇವು ಅರ್ಧ ಮಾಡಿದ್ದಾಳೆ. ಒಳಗಿನ ಮರಿ ಸಣ್ಣದಾಗಿಯೇ ಉಳಿಯಲಿ ಎಂದು. "ಹೊಟ್ಟಿ ಕಟ್ಟಿದ್ರರ ಬದುಕ್ತಾವೇನೋ" ಅನ್ನುತ್ತಾಳೆ. ಗಬ್ಬದ ಕುರಿಯ ಬಾಯಿಂದ ಸೊಪ್ಪು ಕಿತ್ತುಕೊಂಡ ಮೇಲೆ ಅವಳಿಗೂ ಅನ್ನ ಇಳಿಯುತ್ತಿಲ್ಲ.

ಸುತ್ತೋಲೆಯನ್ನು ಹಿಂಪಡೆಯಿರಿ. ಹೊಟ್ಟೆ ಕೊಯ್ದು ಮರಿ ತೆಗೆಯಬಲ್ಲ ವೈದ್ಯರೊಬ್ಬರನ್ನು ಈ ವಾರವೇ ಕಳುಹಿಸಿ. ಕೊನೆಯ ಕುರಿ ಈಯುವವರೆಗೆ ಅವರು ಇಲ್ಲೇ ಇರಲಿ, ಊಟ ವಸತಿ ನಮ್ಮದು. ಅದಕ್ಕೂ ಮೊದಲು, ಯಾರ ಕೈಯಲ್ಲಾದರೂ ಒಂದು ಮಾತು ಹೇಳಿಕಳಿಸಿ: ಅಕ್ಕ ಮಾಡುತ್ತಿರುವುದು ಸರಿಯೇ? ನಾಳೆ ಬೆಳಿಗ್ಗೆ ಆ ಇಪ್ಪತ್ತೈದು ಕುರಿಗಳಿಗೆ ಮೇವು ಹಾಕಬೇಕೋ, ಬೇಡವೋ?

ಇಂತಿ,
ಆ ಟಗರು ತರೋಣವೆಂದು ಅಕ್ಕನನ್ನು ಒಪ್ಪಿಸಿದವನು,
ಹಾಲೇಶಪ್ಪ, ಪತ್ರಿಕೆ ಏಜೆಂಟ್
ಹಿರೇಹಡಗಲಿ, ಡಿಸೆಂಬರ್ 2007