ಎಡಗೈಯ ಅಕ್ಷರ

ಆಗಸ್ಟ್ 2, ಭಾನುವಾರ, ಮಧ್ಯಾಹ್ನ

ಈ ವಾರದ ಓದು-ಬರಹದ ಹೋಮ್‌ವರ್ಕ್ ಮುಗಿಯಿತು. ಎರಡು ಪುಟ. ಥೇಟ್ ನನ್ನ ಮಗಳು ಗುಬ್ಬಿಯ ಅಕ್ಷರ — ಗೆರೆ ಬಿಟ್ಟು ಮೇಲಕ್ಕೇರುವ ಸಾಲು, ಹೊಟ್ಟೆ ಉಬ್ಬಿದ ಸೊನ್ನೆ. ಎಡಗೈಯಲ್ಲಿ ಬರೆದರೆ ನಲವತ್ತರ ಹತ್ತಿರದ ಹೆಂಗಸೂ ನಾಲ್ಕನೇ ಕ್ಲಾಸಿನ ಹುಡುಗಿಯಾಗಬಹುದು. ಬೇಕೆಂದೇ ಎರಡು ತಪ್ಪು ಸೇರಿಸಿದ್ದೇನೆ. ರುಚಿಗೆ ತಕ್ಕಷ್ಟು.

ಮಗಳು ಉಯ್ಯಾಲೆಯಿಂದ ಬಿದ್ದು ಬಲಗೈ ಮುರಿದುಕೊಂಡಾಗ ಟೀಚರೇ ಹೇಳಿದ್ದು — ಅವಳು ಬಾಯಲ್ಲಿ ಹೇಳಲಿ, ನೀವು ಬರೆದುಕೊಡಿ. ಪ್ಲಾಸ್ಟರ್ ತೆಗೆದು ಎಷ್ಟೋ ವಾರವಾಯಿತು. ಗುಬ್ಬಿ ‘ಇನ್ನೂ ನೋಯುತ್ತೆ’ ಎಂದಳು. ನಾನು ‘ಸರಿ, ಇದೊಂದು ಸಲ’ ಎಂದೆ. ಆ ಒಂದು ಸಲ ಇನ್ನೂ ಮುಗಿದಿಲ್ಲ. ಟೀಚರಿಗೆ ಗೊತ್ತಾಗಬಾರದೆಂದೇ ಈ ಎಡಗೈ. ಈಗ ಅವಳು ಬಾಯಲ್ಲಿ ಹೇಳುವುದನ್ನೂ ಬಿಟ್ಟಿದ್ದಾಳೆ. ಪುಸ್ತಕ ನನ್ನ ಮುಂದಿಟ್ಟು ಆಡಲು ಓಡುತ್ತಾಳೆ.

ಅತ್ತೆ ಪಕ್ಕದ ರೂಮಿನಿಂದ ಕೋಲಲ್ಲಿ ಗೋಡೆ ತಟ್ಟುತ್ತಿದ್ದಾರೆ. ಬಾತ್‌ರೂಮಿಗೆ ಇರಬೇಕು.

ಆಗಸ್ಟ್ 5, ಬುಧವಾರ, ಸಂಜೆ

ಪುಸ್ತಕ ವಾಪಸ್ ಬಂತು. ಬ್ಯಾಗ್ ಕಸಿದುಕೊಂಡು ಅಡುಗೆಮನೆಗೆ ಹೋದೆ. ಗುಬ್ಬಿ ಹಾಲು ಕೇಳಿದಳು. ತಾಳೇ ಎಂದೆ.

ಗಾಡಿಯವನು ಸತ್ತ ಮೇಲೂ ದಿನಾ ಅದೇ ರಸ್ತೆ ಹಿಡಿಯುವ ಕುದುರೆಯ ಕಥೆ. ಓದಿ ನಿಮ್ಮ ಮಾತಲ್ಲಿ ಬರೆಯಿರಿ ಎಂದಿತ್ತು. ‘ಕುದುರೆಗೆ ದಾರಿ ಗೊತ್ತಿತ್ತು. ಬೇರೆ ದಾರಿ ಗೊತ್ತಿರಲಿಲ್ಲ’ ಎಂದು ಬರೆದಿದ್ದೆ. ಟೀಚರ್ ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ — ‘ಶಹಬ್ಬಾಸ್ ಪುಟ್ಟಿ. ಇದು ಎಲ್ಲಿಂದ ಹೊಳೆಯಿತು?’

ಹತ್ತಕ್ಕೆ ಹತ್ತು. ಹಾಲು ಉಕ್ಕಿತು. ಒಲೆಯೆಲ್ಲ ಹಾಳು. ಆದರೂ ಸಂತೋಷವಾಗಿದ್ದೆ, ಸುಳ್ಳೇಕೆ ಹೇಳಲಿ. ನಾನು ಮಾಡುವ ಬೇರಾವ ಕೆಲಸಕ್ಕೂ ಈ ಮನೆಯಲ್ಲಿ ಯಾರೂ ಮಾರ್ಕ್ಸ್ ಕೊಡುವುದಿಲ್ಲ.

ಆಗಸ್ಟ್ 12, ಬುಧವಾರ

ಟೀಚರ್ ಫೋನ್. 29ಕ್ಕೆ ನಾಲ್ಕು ಸ್ಕೂಲುಗಳ ಸ್ಪರ್ಧೆಯಂತೆ. ಅಲ್ಲೇ ಒಂದು ಕಥೆ ಕೊಡುತ್ತಾರೆ. ಓದಿ, ಅಲ್ಲೇ ಕೂತು ಬರೆಯಬೇಕು. ಇಡೀ ಕ್ಲಾಸಿನಿಂದ ಗುಬ್ಬಿ ಒಬ್ಬಳೇ.

“ನನ್ನ ಸರ್ವೀಸಲ್ಲೇ ಇಂಥ ಮಗು ನೋಡಿಲ್ಲಮ್ಮ,” ಎಂದರು.

ಆಗಲೇ ಹೇಳಿಬಿಡಬೇಕಿತ್ತು. ಬಾಯಿಯವರೆಗೂ ಬಂತು. “ನಿಮ್ಮ ಆಶೀರ್ವಾದ” ಎಂದುಬಿಟ್ಟೆ… ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಆಗಸ್ಟ್ 13, ಸಂಜೆ

ಗುಬ್ಬಿಯನ್ನು ಕೂರಿಸಿ ಪೆನ್ಸಿಲ್ ಕೊಟ್ಟೆ. ಓದು ಎಂದೆ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಕಲ್ಲು ಆರಿಸುವವಳಂತೆ ಓದಿದಳು. ಕೈ ಮುರಿಯುವ ಮುಂಚೆ ಇದಕ್ಕಿಂತ ಚೆನ್ನಾಗಿ ಓದುತ್ತಿದ್ದಳು.

“ಬರಿ.”

“ನೀನೇ ಬರಿಯಮ್ಮ. ನಿಂದೇ ಚೆನ್ನಾಗಿರುತ್ತೆ.”

“ಅಲ್ಲಿ ನಾನಿರಲ್ಲ ಕಣೇ.”

“ಯಾಕೆ? ಬರಲ್ವಾ?”

ಅತ್ತೆ ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದರು. “ಅವಳ ಪಾಲಿನ ಊಟ ನೀನುಂಡ್ರೆ ಅವಳ ಹೊಟ್ಟೆ ತುಂಬುತ್ತೇನಮ್ಮ?” ಅತ್ತೆಗೆ ಮೊದಲಿಂದಲೂ ಗೊತ್ತಿದೆ ಹಾಗಾದರೆ. ಕಾಲು ಓಡಾಡುವುದಿಲ್ಲ, ಕಣ್ಣು ಇಡೀ ಮನೆ ಸುತ್ತುತ್ತದೆ.

ಆಗಸ್ಟ್ 16, ಭಾನುವಾರ

ನಮ್ಮ ಯಜಮಾನರು ಲಿಫ್ಟ್ ರಿಪೇರಿಯಿಂದ ಗ್ರೀಸ್ ಕೈಯಲ್ಲೇ ಬಂದರು. ಯಾರೋ ಒಬ್ಬಾಕೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದಳಂತೆ.

“ಬೆಲ್ ಒತ್ತಿದ್ರೆ ಮುಗೀತಿತ್ತು. ಮರ್ಯಾದೆ ಅಂತ ಸುಮ್ಮನೆ ನಿಂತಿದ್ದಳು, ನೋಡು. ಒಳಗಿರೋರು ಬೆಲ್ ಒತ್ತದೆ ಇದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?”

ಸೋಪು ಕೊಟ್ಟೆ. ಇವರು ಸ್ಪರ್ಧೆಯ ವಿಷಯವನ್ನು ಆಗಲೇ ವರ್ಕ್‌ಶಾಪಿನಲ್ಲೆಲ್ಲ ಡಂಗುರ ಸಾರಿದ್ದಾರೆ.

ಈ ವಾರದ ಎರಡು ಪುಟ ಗುಬ್ಬಿಯಿಂದಲೇ ಬರೆಸಬೇಕೆಂದು ನಿರ್ಧರಿಸಿದ್ದೆ. ಮೂರು ಸಾಲಿಗೆ ಅತ್ತಳು. ಅಂಥದ್ದನ್ನು ಕಳಿಸಿದರೆ ಟೀಚರಿಗೆ ಅನುಮಾನ ಬರುವುದಿಲ್ಲವೇ… ಹರಿದು, ನಾನೇ ಬರೆದೆ.

ಅನುಮಾನದ ಮಾತು ಅರ್ಧ ನಿಜ. ಬುಧವಾರ ಶಹಬ್ಬಾಸ್ ಇಲ್ಲದ ಪುಟ ವಾಪಸ್ ಬಂದರೆ ನಾನು ಏನು ಓದಲಿ?

ಆಗಸ್ಟ್ 28, ಶುಕ್ರವಾರ

ನಾಳೆ. ಗುಬ್ಬಿಗೆ ಜ್ವರ ಎಂದು ಹೇಳೋಣ ಎಂದುಕೊಂಡೆ. ಹಣೆ ಮುಟ್ಟಿ ನೋಡಿದೆ — ತಣ್ಣಗೆ, ಹಾಯಾಗಿ ಇದ್ದಾಳೆ. ಹೊಸ ಪೆನ್ಸಿಲ್ ಕೆತ್ತಿ ಬಾಕ್ಸಿನಲ್ಲಿಟ್ಟುಕೊಂಡು, “ಹೇಗೆ ಬರೀಬೇಕು ಅಂತ ನಂಗೊತ್ತಮ್ಮ” ಎಂದಳು. ಅವಳಿಗಿರುವ ಧೈರ್ಯ ನನಗಿಲ್ಲ.

ಆಗಸ್ಟ್ 29, ಶನಿವಾರ, ಸಂಜೆ

ಬಂದಳು. ಶೂ ಬಿಚ್ಚಿದಳು. ನೀರು ಕುಡಿದಳು.

“ಬರೆದ್ಯಾ?”

“ಹೂಂ.”

“ಎಷ್ಟು?”

“ನನ್ನ ಹೆಸರು. ಆಮೇಲೆ ಬೆಲ್ ಹೊಡೀತು.”

“ಹೆಸರು ಬರೆಯೋಕೆ ಅಷ್ಟೊತ್ತು ಬೇಕಾ ಗುಬ್ಬಿ?”

“ಎಡಗೈಯಲ್ಲಿ ಕಷ್ಟ ಅಮ್ಮ. ನಿಂಗೆ ಅಭ್ಯಾಸ ಇದೆ.”

ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

“ಎಡಗೈಯಲ್ಲಿ ಬರೆದ್ರೇ ತಾನೇ ಹತ್ತಕ್ಕೆ ಹತ್ತು? ನೀನು ಪತ್ರ, ಚೀಟಿ ಎಲ್ಲಾ ಬಲಗೈಯಲ್ಲೇ ಬರೀತೀಯ. ನನ್ನ ಹೋಮ್‌ವರ್ಕ್ ಮಾತ್ರ ಈ ಕೈಯಲ್ಲಿ. ಟೀಚರ್ ಯಾಕೆ ಈ ಕೈ ಅಂತ ಕೇಳಿದ್ರು. ಅಮ್ಮ ಇದ್ರಲ್ಲೇ ಬರೆಯೋದು ಅಂದೆ.”

ಬೆರಳೆಲ್ಲ ಕೆಂಪಾಗಿತ್ತು, ಮಗುವಿಗೆ. ಒಂದು ಗಂಟೆ ಅಷ್ಟು ಜನರ ನಡುವೆ ತನ್ನದಲ್ಲದ ಕೈಯಲ್ಲಿ… ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅತ್ತೆಯವರು ಇವತ್ತು ಗೋಡೆ ತಟ್ಟಲಿಲ್ಲ.

ಇವರಿಗೆ ಎಲ್ಲ ಹೇಳಿದೆ. “ನೀನೂ ಬೆಲ್ ಒತ್ತಬಾರದಾಗಿತ್ತಾ?” ಎಂದರು, ಅಷ್ಟೆ.

ಆಗಸ್ಟ್ 31, ಸೋಮವಾರ

ಸ್ಟಾಫ್ ರೂಮ್. ಎಲ್ಲ ಒಪ್ಪಿಕೊಳ್ಳಲು ಹೋದೆ. ನನಗಿಂತ ಚಿಕ್ಕವರು ಟೀಚರ್. ಪುಸ್ತಕ ಬಿಚ್ಚಿಟ್ಟು ಒಂದೊಂದೇ ಪುಟ ತಿರುಗಿಸಿದರು.

“ಇದು?”

“ನಾನು.”

“ಈ ಕುದುರೆದು?”

“ನಾನೇ.”

ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರಿಗೆ ಬೇಜಾರಾಗಿತ್ತು. “ಅವಳ ಕೈ ಯಾವತ್ತೋ ಸರಿಹೋಗಿದೆ. ಪೆನ್ಸಿಲ್ ವಾಪಸ್ ಕೊಡದೆ ಇರೋರು ನೀವು. ಇನ್ಮೇಲೆ ಅವಳು ಬರೆಯೋವಾಗ ಪಕ್ಕ ಕೂತ್ಕೊಳ್ಳಿ. ತಪ್ಪಾದ್ರೂ ಬಾಯಿ ಬಿಡಬೇಡಿ.” ಹೊಸ ಪುಸ್ತಕ ಕೊಟ್ಟರು.

ಬಾಗಿಲ ಹತ್ತಿರ ಬಂದವಳು ತಿರುಗಿ ಕೇಳಿದೆ — ಹಳೇ ಪುಸ್ತಕ ಮನೆಗೆ ತಗೊಂಡು ಹೋಗಲಾ?

“ಯಾಕೆ?”

ಹೊಸ ಪುಸ್ತಕ ಎದೆಗವಚಿಕೊಂಡು ಹೊರಬಂದೆ. ಹಳೆಯದು ಅವರ ಟೇಬಲ್ ಮೇಲೇ ಉಳಿಯಿತು.

ಸೆಪ್ಟೆಂಬರ್ 6, ಭಾನುವಾರ, ಮಧ್ಯಾಹ್ನ

ಓದು-ಬರಹದ ಹೊತ್ತು. ಗುಬ್ಬಿ ಮೇಜಿನ ಆ ತುದಿ, ನಾನು ಈ ತುದಿ. ಬಲಗೈಯಲ್ಲಿ ಬರೆಯುತ್ತಿದ್ದಾಳೆ. ಮೊದಲ ಸಾಲಿನಲ್ಲೇ ಎರಡು ತಪ್ಪು, ಅವಳದೇ ಸ್ವಂತದ್ದು. ನಾಲಿಗೆ ಕಚ್ಚಿ ಕೂತಿದ್ದೇನೆ. ಕೈ ಸುಮ್ಮನಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಐದು ಸಾಲಾಯಿತು ಅವಳದು. ಅಳಲಿಲ್ಲ. ಕೊನೆಯ ಸಾಲು ಚೆನ್ನಾಗಿದೆ. ನನಗೆ ಹೊಳೆಯುತ್ತಿರಲಿಲ್ಲ ಅದು. ಖುಷಿಯಾಗಬೇಕು. ಆಗಿದೆ ಕೂಡ. ಆದರೂ ಬುಧವಾರ ನೆನೆದರೆ ಎದೆ ಖಾಲಿ.

ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದಾಳೆ.

“ಅಮ್ಮ, ನಿಂಗೂ ಹೋಮ್‌ವರ್ಕಾ?”

ಹೂಂ ಎಂದೆ.

“ಯಾರಿಗೆ ತೋರಿಸ್ತೀಯಾ?”

“ನಂಗೇ,” ಎಂದೆ. ನಾನು ಬಲಗೈಯಲ್ಲೇ ಬರೆಯುತ್ತಿದ್ದೇನೆ.