ಕರ್ರ್ ಎನ್ನದ ನಾಝಲ್

ಫೆಬ್ರವರಿ 3, ಸಂಜೆ
ಹೊಳೆ ದಾಟಿಸುವ ಲಾಂಚಿನ ನಾಲ್ಕೂ ಇಂಜೆಕ್ಟರ್‌ಗಳ ರಿಪೇರಿ ಮುಗಿಯಿತು. ಡೀಸೆಲ್ ಚಿಮ್ಮುವ ತುದಿಗೆ ಹೊಸ ನಾಝಲ್ ಹಾಕಿ ಒಂದೊಂದಾಗಿ ಒತ್ತಡ ಅಳೆಯುವ ಟೆಸ್ಟರ್‌ಗೆ ಕಟ್ಟಿದೆ. ಮೊದಲನೆಯದು 180ಕ್ಕೇ ಡೀಸೆಲ್ ಬಿಟ್ಟಿತು. ಸ್ಪ್ರಿಂಗಿನ ಮೇಲೆ ಶಿಮ್ ಎಂಬ ತೆಳು ಬಿಲ್ಲೆ ಇಟ್ಟೆ, ಬೇಕಾದ 200ಕ್ಕೆ ಬಂತು. ಮಿಕ್ಕವೂ 200. ಮಂಜಿನಂಥ ಸ್ಪ್ರೇ. ಗೇಜಿಗೆ ಸರಿ, ಕಣ್ಣಿಗೆ ಸರಿ. ಕಿವಿಗೆ...

ಹ್ಯಾಂಡಲ್ ಮೆಲ್ಲಗೆ ಒತ್ತುವಾಗ ಒಳ್ಳೆಯ ನಾಝಲ್ ಕರ್ರ್ ಎನ್ನಬೇಕು. ಒಳಗಿನ ಸೂಜಿ ಅಂಟುತ್ತಿದ್ದರೆ ಅನ್ನುವುದಿಲ್ಲ. ಮೂರು ತಿಂಗಳಿಂದ ನನ್ನ ಪಾಲಿಗೆ ಯಾವುದೂ ಕರ್ರ್ ಎನ್ನುತ್ತಿಲ್ಲ. ನಾಝಲ್‌ಗಳ ತಪ್ಪಲ್ಲ.

ಅಣ್ಣನಿಗೆ ಹೇಳಿಲ್ಲ. ಎಂಜಿನ್‌ಗೆ ಕೂರಿಸುವವನು ಅವನು, ಟೆಸ್ಟರ್ ಮುಂದೆ ಕೂರುವವಳು ನಾನು. ಹನ್ನೊಂದು ವರ್ಷದಿಂದ ಹೀಗೇ. ನನ್ನ ತಂಗಿ ಪಾಸ್ ಮಾಡಿದರೆ ಮುಗಿಯಿತು ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಾನೆ. ಹೇಗೆ ಹೇಳಲಿ?

ಫೆಬ್ರವರಿ 4
ಅತ್ತಿಗೆ ಉಪ್ಪು ಕೇಳಿದರೆ ಸೊಪ್ಪು ತಂದುಕೊಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಫೆಬ್ರವರಿ 13, ಸಂಜೆ
ಮಧ್ಯಾಹ್ನ ಲಾಂಚ್ ಡ್ರೈವರ್ ಬಂದಿದ್ದ. ಅಣ್ಣ ಇರಲಿಲ್ಲ. ಕಂಪ್ರೆಸರ್ ಓಡುತ್ತಿತ್ತು. ಬಾಗಿಲಲ್ಲೇ ನಿಂತು ಏನೋ ಹೇಳಿದ. ಬಾಯಿ ನೋಡಿ ತಿಳಿಯೋಣವೆಂದರೆ ತುಟಿಯಲ್ಲಿ ಬೀಡಿ. ಮೂರು ಬೆರಳು ತೋರಿಸಿದ. ಮೂರು ಗಂಟೆಗೆ ಬರುತ್ತಾನೆಂದುಕೊಂಡು ತಲೆಯಾಡಿಸಿದೆ. ಹೋದ.

ಈಗ ನಾಲ್ಕೂವರೆ. ಬರಲಿಲ್ಲ.

ಫೆಬ್ರವರಿ 15
ಲಾಂಚ್ ನಡುಹೊಳೆಯಲ್ಲಿ ನಿಂತಿತು. ಮೂವತ್ತೆಂಟು ಜನ. ಸೆಳವಿಗೆ ಸಿಕ್ಕಿ ಅಣೆಕಟ್ಟೆಯ ಕಡೆ ತೇಲುತ್ತಿದ್ದದ್ದನ್ನು ಮರಳಿನ ದೋಣಿಯವರು ಹಗ್ಗ ಎಸೆದು ಎಳೆದರಂತೆ. ಎಲ್ಲರೂ ದಡ ಸೇರಿದರು.

ಅಣ್ಣ ಹೋಗಿ ಎಂಜಿನ್ ಬಿಚ್ಚಿದ. ಮೂರನೇ ಪಿಸ್ಟನ್ ಸುಟ್ಟು ತೂತಾಗಿದೆ. ಮೂರನೇ ಸಿಲಿಂಡರ್ ಬಡಿಯುತ್ತಿದೆ, ಓಡಿಸಲೋ ಬೇಡವೋ ಎಂದು ಮೊನ್ನೆಯೇ ಬಂದು ಕೇಳಿದ್ದನಂತೆ ಡ್ರೈವರ್. ನಾನು ತಲೆಯಾಡಿಸಿದೆನಂತೆ.

ಅಣ್ಣ ಎದುರಿಗೆ ನಿಂತು ಕೇಳಿದ, ಅವನು ಹೇಳಿದ್ದು ಹೌದಾ ಎಂದು. ಕೇಳಿಸಲಿಲ್ಲ ಎನ್ನಬೇಕಿತ್ತು. ಇಲ್ಲ, ಅವನು ಏನೂ ಹೇಳಿಲ್ಲ ಎಂದುಬಿಟ್ಟೆ.

ಫೆಬ್ರವರಿ 16, ಬೆಳಿಗ್ಗೆ 6
ಲಾಂಚಿನ ಯಜಮಾನರು ಡ್ರೈವರನ್ನು ಕೆಲಸದಿಂದ ತೆಗೆದರು. ಎಂಜಿನ್ ಸುಟ್ಟದ್ದಲ್ಲದೆ ಸುಳ್ಳು ಬೇರೆ ಹೇಳುತ್ತಾನೆ ಎಂದರಂತೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಕೂರಲಾಗುತ್ತಿಲ್ಲ. ಸ್ಪ್ಯಾನರ್‌ಗಳನ್ನೆಲ್ಲ ಒರೆಸಿ ಜೋಡಿಸಿದೆ. ಮತ್ತೆ ತೆಗೆದೆ, ಮತ್ತೆ ಜೋಡಿಸಿದೆ.

ಅದೇ ದಿನ, ಸಂಜೆ
ಆ ಮೂರನೇ ಇಂಜೆಕ್ಟರ್ ಟೆಸ್ಟರ್‌ಗೆ ಕಟ್ಟಿದೆ. ತುದಿಯಲ್ಲಿ ಹನಿ ತೊಟ್ಟಿಕ್ಕುತ್ತದೆ. ಪಿಸ್ಟನ್ ಸುಟ್ಟದ್ದು ಈ ಹನಿಗೇ. ಬಿಚ್ಚಿ ತೊಳೆದು ಸೂಜಿಯನ್ನು ಮೇಲಿನಿಂದ ಬಿಟ್ಟೆ. ತನ್ನ ಭಾರಕ್ಕೇ ಜಾರಬೇಕು. ಅರ್ಧದಲ್ಲಿ ನಿಂತಿತು. ಹೊಸದಲ್ಲವೇ ಎಂದು ಅವತ್ತು ಇದನ್ನು ನೋಡಿರಲಿಲ್ಲ. ಕಿವಿ ಸರಿಯಿದ್ದಿದ್ದರೆ ನೋಡುವ ಅಗತ್ಯವೂ ಇರಲಿಲ್ಲ...

ಫೆಬ್ರವರಿ 20
ಹೇಳಿದೆ. ನಾಲ್ಕು ದಿನ ಬೇಕಾಯಿತು.

"ಅಣ್ಣಾ, ನಂಗೆ ಕಿವಿ ಕೇಳಿಸ್ತಿಲ್ಲ. ಆ ಡ್ರೈವರ್ ಸುಳ್ಳು ಹೇಳಿಲ್ಲ."

ಕೈ ಒರೆಸಿಕೊಳ್ಳುತ್ತಿದ್ದ. ಒರೆಸಿಕೊಳ್ಳುತ್ತಲೇ ಇದ್ದ. ಆಮೇಲೆ, "ಮೂವತ್ತೆಂಟು ಜನ ಕಣೇ," ಎಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇಬ್ಬರೂ ಯಜಮಾನರ ಮನೆಗೆ ಹೋದೆವು. ಎಲ್ಲ ಹೇಳಿದೆ. ಅವರು ನನ್ನನ್ನು ಬಿಟ್ಟು ಅಣ್ಣನನ್ನೇ ನೋಡುತ್ತಿದ್ದರು. ಎಂಜಿನ್ ನಾವೇ ಮಾಡಿಕೊಡುತ್ತೇವೆ, ಡ್ರೈವರನ್ನು ವಾಪಸ್ ಕರೆಯಿರಿ ಎಂದ ಅಣ್ಣ. ಒಪ್ಪಿದರು.

ಡ್ರೈವರ್ ಮನೆಗೆ ನಾನೊಬ್ಬಳೇ ಹೋದೆ. ಜಗುಲಿಯಲ್ಲಿ ಕೂತಿದ್ದ. ಏಳಲಿಲ್ಲ. ಕೊನೆಯವರೆಗೂ ಕೇಳಿ, ಬೀಡಿ ತೆಗೆದು ಪಕ್ಕಕ್ಕಿಟ್ಟು, ನನ್ನ ಕಿವಿಯ ಹತ್ತಿರ ಬಂದು ಹೇಳಿದ:

"ಕೇಳಿಸ್ಲಿಲ್ಲ ಅಂದಿದ್ರೆ ಇನ್ನೊಂದ್ಸಲ ಹೇಳ್ತಿದ್ದೆನಲ್ಲಮ್ಮಾ."

ದಾರಿಯುದ್ದಕ್ಕೂ ಅದೇ ಮಾತು.

ಮಾರ್ಚ್ 11, ಬೆಳಿಗ್ಗೆ 11
ಲಾಂಚ್ ಓಡುತ್ತಿದೆ, ಅದೇ ಡ್ರೈವರ್ ಕೈಯಲ್ಲಿ. ಅದರ ನಾಝಲ್‌ಗಳನ್ನು ಅಣ್ಣನೇ ಕೇಳಿ ಪಾಸ್ ಮಾಡಿದ. ನಾನು ಹ್ಯಾಂಡಲ್ ಒತ್ತಿದೆ, ಅಷ್ಟೇ. ತಂಗಿಯ ಹೊಗಳಿಕೆ ಈಗ ನಿಂತಿದೆ.

ಕಿವಿಗೆ ಮೆಷಿನ್ ಬಂದು ಎರಡು ದಿನ. ಕಾಗದ ಸರಿಸಿದರೆ ತಗಡು ಎಳೆದಂತೆ. ಅತ್ತಿಗೆ ಪಾತ್ರೆ ತೊಳೆದರೆ ಯುದ್ಧ. ತೆಗೆದಿಡೋಣ ಅನ್ನಿಸುತ್ತದೆ, ಇಡುವುದಿಲ್ಲ.

ಇವತ್ತು ಟೆಸ್ಟರ್ ಮುಂದೆ ಕೂತೆ. ದನಿಯೇನೋ ಬಂತು. ನನಗೆ ಗೊತ್ತಿದ್ದ ಕರ್ರ್ ಅಲ್ಲ, ಇಲಿ ಡಬ್ಬ ಕೆರೆದ ಹಾಗೆ. ಇದು ಒಳ್ಳೆಯದೋ ಕೆಟ್ಟದ್ದೋ? ಅಣ್ಣ ಪಕ್ಕದಲ್ಲಿ ನಿಂತು, ಸರಿಯಿದ್ದರೆ ಕೈ ಎತ್ತುತ್ತೇನೆ ಎಂದ. ಎತ್ತಿದ. ಮುಂದಿನದಕ್ಕೆ ಎತ್ತಲಿಲ್ಲ. ನನಗೆ ಎರಡೂ ಒಂದೇ. ಆರು ನಾಝಲ್ ಹೀಗೇ ಹೋದವು.

ಏಳನೆಯದಕ್ಕೆ, ಅವನ ಕಡೆ ನೋಡದೆ, ಇದು ಅಂಟುತ್ತಿದೆ ಎಂದೆ. ಅವನು ಅದನ್ನು ಎತ್ತಿ ಕೆಟ್ಟವುಗಳ ತಟ್ಟೆಗೆ ಹಾಕಿದ.

ಇನ್ನೂ ಹನ್ನೆರಡಿವೆ. ನೀರು ಕುಡಿಯಲು ಒಳಗೆ ಬಂದವಳು ಬರೆಯುತ್ತ ಕೂತಿದ್ದೇನೆ, ಬಾಗಿಲಿಗೆ ಬೆನ್ನು ಹಾಕಿ. ಅಣ್ಣ ಕರೆದ. ಕೇಳಿಸಿತು. ಹೋಗ—